ಕೆಂಪು ಗಾಡಿಗೆ ಎಣ್ಣೆ ಆರಿಸಿದ ಚಳಿಗಾಲ

ಕೆಂಪು ಗಾಡಿಯ ಎಣ್ಣೆಯ ಬಗ್ಗೆ ಅಣ್ಣ ನನಗೆ ಹೇಳಿದ್ದು ಒಂದೇ ಮಾತು. ‘ರನ್ನಿಂಗ್ ಮುಗೀಲಿ. ಆಮ್ಯಾಲ ಇದಕ್ಕ ಸಿಂಥೆಟಿಕ್ ಎಣ್ಣಿ ಹಾಕೂನು. ಯಾವುದು ಅಂತ ನೋಡಬೇಕು.’ ನೋಡಲು ಅವನಿಗೆ ಆಗಲಿಲ್ಲ. ಶ್ರಾವಣದ ಒಂದು ಮಧ್ಯಾಹ್ನ ಗ್ಯಾರೇಜಿನಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲ. ಎಣ್ಣೆ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ನಮ್ಮದು ರಾಣೇಬೆನ್ನೂರಿನ ಹೆದ್ದಾರಿ ಬದಿಯ ಗ್ಯಾರೇಜು. ಲಾರಿ, ಟ್ರ್ಯಾಕ್ಟರ್ ಬಿಟ್ಟರೆ ಬೇರೆ ಗಾಡಿ ಬರುವುದು ಕಡಿಮೆ. ಅಣ್ಣ ಎಂಜಿನ್ ಕಟ್ಟುತ್ತಿದ್ದ, ನಾನು ಡೀಸೆಲ್ ಪಂಪು ಮತ್ತು ನಾಜಲ್ ಕೆಲಸ ಮಾಡುತ್ತಿದ್ದೆ. ಕೆಂಪು ಗಾಡಿ ಮಾತ್ರ ಅಣ್ಣನ ಸ್ವಂತದ ಹುಚ್ಚು. ಎರಡೇ ಸೀಟಿನ ವಿದೇಶಿ ಸ್ಪೋರ್ಟ್ಸ್ ಕಾರು. ಗೋವಾದಲ್ಲಿ ನೀರು ಹೊಕ್ಕು ಎಂಜಿನ್ ಹಿಡಿದುಕೊಂಡಿದ್ದನ್ನು ಗುಜರಿಯವನಿಂದ ತಂದಿದ್ದ. ಕೆಲಸವಿಲ್ಲದ ಹೊತ್ತಿನಲ್ಲಿ, ವರ್ಷಗಟ್ಟಲೆ, ಒಂದೊಂದೇ ಭಾಗ ಹುಡುಕಿ ತಂದು ಅದನ್ನು ಮತ್ತೆ ಕಟ್ಟಿದ. ಕಟ್ಟಿ ಮುಗಿಸಿ, ರನ್ನಿಂಗಿಗೆ ಅಂತ ಸಾದಾ ಎಣ್ಣೆ ಹಾಕಿ, ಅವ್ವ ಇರುವ ಬ್ಯಾಡಗಿಯ ನಮ್ಮ ಮನೆಗೆ ಓಡಿಸಿಕೊಂಡು ಹೋಗಿ ಶೆಡ್ಡಿನಲ್ಲಿ ನಿಲ್ಲಿಸಿದ. ಕಡಿಮೆಯಾದಷ್ಟು ಎಣ್ಣೆಯನ್ನು ಅಲ್ಲೇ ಹಾಕುತ್ತಿದ್ದ. ಹೊಸದಾಗಿ ಕಟ್ಟಿದ ಎಂಜಿನ್ನಿನ ಭಾಗಗಳು ಒಂದಕ್ಕೊಂದು ಒಗ್ಗುವತನಕ ಹಗುರಾಗಿ ಓಡಿಸಬೇಕು. ಅದನ್ನೇ ನಾವು ರನ್ನಿಂಗ್ ಅನ್ನುತ್ತೇವೆ.

ಆ ಎಂಜಿನ್ನನ್ನು ಇನ್ನು ಯಾರೂ ಬಿಚ್ಚಬಾರದು ಎಂಬುದು ನನ್ನ ಹಟವಾಗಿತ್ತು. ಒಳಗಿನ ಒಂದೊಂದು ಬೋಲ್ಟೂ ಅಣ್ಣನ ಕೈಯಿಂದ ಬಿಗಿದದ್ದು. ಸರಿಯಾದ ಎಣ್ಣೆ ಸಿಕ್ಕರೆ ಬಿಚ್ಚುವ ಪ್ರಸಂಗವೇ ಬರುವುದಿಲ್ಲ. ತಪ್ಪು ಎಣ್ಣೆ ಬಿದ್ದರೆ ಬೇರಿಂಗ್ ತಿಂದುಹೋಗುತ್ತವೆ, ಆಗ ಬಿಚ್ಚಲೇಬೇಕು. ಅವನ ಬಟ್ಟೆಬರೆ ಹಂಚಿಯಾಗಿತ್ತು, ಕನ್ನಡಕ ಎಲ್ಲಿಟ್ಟೆವೋ ಸಿಗುತ್ತಿರಲಿಲ್ಲ. ಅವನ ಕೈ ಇದ್ದಂತೆ ಉಳಿದ ಜಾಗ ಅದೊಂದೇ ಅನ್ನಿಸಿತ್ತು.

ಲಾರಿ ಎಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ಇದು ಮೂರು ಸುತ್ತು ಸುತ್ತುತ್ತದೆ. ಹಾಗಾಗಿ ನನಗೆ ಗೊತ್ತಿದ್ದ ಲೆಕ್ಕ ಇಲ್ಲಿ ನಡೆಯುವಂತಿರಲಿಲ್ಲ. ಮೊದಲು ಹೋದದ್ದು ರಾಣೇಬೆನ್ನೂರಿನ ಎಣ್ಣೆ ಅಂಗಡಿ ಸಾಹುಕಾರರ ಹತ್ತಿರ. ಅವರು ಹುಬ್ಬಳ್ಳಿಯಿಂದ ತರಿಸಿದ್ದ ಸಿಂಥೆಟಿಕ್ ಡಬ್ಬಿ ತೆಗೆದು ನನ್ನ ಬೆರಳಿಗೆ ಒಂದು ಹನಿ ಹಾಕಿದರು. ನಮ್ಮ ಕಡೆ ಎಣ್ಣೆ ಪರೀಕ್ಷೆ ಅಂದರೆ ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡುವುದು. ಅಂಟಿದರೆ ಛಲೋ, ಜಾರಿದರೆ ಹಗುರ.

‘ಸಾವ್ಕಾರ, ಇದು ಎಣ್ಣೀನೋ ನೀರೋ?’

‘ನಾನೂ ಹಂಗ ಅಂದೆ ಮೇಸ್ತ್ರಿ. ಕಂಪನಿಯವರು ನಕ್ಕರು. ನೀರ ಅಂತ ತಿಳದು ತಗೊಂಡು ಹೋಗು, ಎಂಜಿನ್ ಉಳದರ ಎಣ್ಣಿ ಅನ್ನು.’

‘ಉಳೀದಿದ್ದರ?’

‘ನನ್ನ ಅಂಗಡಿ ದಾರಿ ಮರತುಬಿಡು.’

ಡಬ್ಬಿಯ ಮೇಲೆ 5W-40 ಎಂದಿತ್ತು. ನಮ್ಮ ಲಾರಿ ಎಣ್ಣೆಯ ಮೇಲೆ 15W-40. ಕೊನೆಯ ಅಂಕಿ ಒಂದೇ ಇರುವಾಗ ಬೆರಳಿಗೆ ಯಾಕೆ ಇಷ್ಟು ಬೇರೆ? ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅಣ್ಣ ಹೋದ ಮೇಲೆ ಬೇರೆ ಯಾವುದರ ಬಗ್ಗೆಯೂ ನನಗೆ ‘ಯಾಕೆ’ ಅನ್ನಿಸಿರಲಿಲ್ಲ.

ಭಾನುವಾರ ಬ್ಯಾಡಗಿಗೆ ಹೋದಾಗ ಐಸ್‌ಕ್ಯಾಂಡಿ ಅಂಗಡಿಯಿಂದ ಒಂದು ಐಸ್ ಗಡ್ಡೆ ತಂದೆ. ಅಡುಗೆಮನೆಯಿಂದ ಸ್ಟೀಲಿನ ದೊಡ್ಡ ಪರಾತ ಎತ್ತಿಕೊಂಡು ಐಸಿನ ಮೇಲೆ ತಣ್ಣಗಾಗಲು ಇಟ್ಟೆ. ಆಮೇಲೆ ಅಂಚಿನಲ್ಲಿ ಎರಡೂ ಎಣ್ಣೆಯ ಒಂದೊಂದು ಹನಿ ಹಾಕಿ ಓರೆ ಮಾಡಿದೆ. ಸಿಂಥೆಟಿಕ್ ಹನಿ ಕೆಳಗೆ ಮುಟ್ಟಿದಾಗ ಲಾರಿ ಎಣ್ಣೆ ಇನ್ನೂ ಅರ್ಧ ದಾರಿಯಲ್ಲಿತ್ತು. ಪರಾತ ಒರೆಸಿ ಒಲೆಯ ಮೇಲೆ ಕಾಯಿಸಿ ಮತ್ತೆ ಹಾಕಿದೆ. ಈಗ ಎರಡೂ ಜೊತೆಜೊತೆಗೆ ಓಡಿದವು. ಹಾಗೇ ಒಲೆಯ ಮೇಲೆ ಬಿಟ್ಟಾಗ ಮೊದಲು ಹೊಗೆಯಾಡಿ ಕಂದಿದ್ದು ಲಾರಿ ಎಣ್ಣೆ. ಹಾಗಾದರೆ ಮೊದಲ ಅಂಕಿ ಥಂಡಿಯದು, ಕೊನೆಯದು ಕಾವಿನದು. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಕೂಡಲೇ ಎಣ್ಣೆ ಮೇಲಿನವರೆಗೆ ಹತ್ತಬೇಕು, ಓಡಿ ಕಾದ ಮೇಲೆ ತೀರ ತೆಳ್ಳಗಾಗಬಾರದು. ಬೆರಳಿನ ಪರೀಕ್ಷೆಯಲ್ಲಿ ಗೊತ್ತಾಗುವುದು ಬೆರಳಿನ ಕಾವಿನದ್ದು ಮಾತ್ರ.

ಹಿಂದೆ ವೈನಿ, ಅಂದರೆ ಅಣ್ಣನ ಹೆಂಡತಿ, ನಿಂತಿದ್ದರು.

‘ಅದರಾಗ ನಾ ರೊಟ್ಟಿ ಹಿಟ್ಟು ನಾದತೇನಿ.’

‘ತೊಳದು ಕೊಡತೇನಿ ವೈನಿ.’

‘ನಿಮ್ಮಣ್ಣಾನೂ ಹಿಂಗ ಅಂತಿದ್ರು. ಹಾಳು ಮಾಡಿದ ಪರಾತ ಇದು ಮೂರನೇದು.’ ಹಾಗಂದು ಅವರು ಬಾಗಿ ಹನಿಗಳ ಜಾಡು ನೋಡಿದರು. ‘ಯಾವುದು ಗೆದ್ದಿತು?’

ಇನ್ನಷ್ಟು ತಿಳಿಯಲು ಹಾವೇರಿಗೆ ಹೋಗಿ ಸೈಬರ್ ಕೆಫೆಯಲ್ಲಿ ಕುಳಿತೆ. ನನ್ನ ಇಂಗ್ಲಿಷು ಡಬ್ಬಿ ಓದುವಷ್ಟೇ. ಅಂಗಡಿ ನಡೆಸುವ ಹೆಣ್ಣುಮಗಳು ಓದಿ ಅರ್ಥ ಹೇಳಿದಳು. ‘ಎಲ್ಲಾರೂ ಇಲ್ಲಿ ರಿಜಲ್ಟ್ ನೋಡಾಕ ಬರತಾರ, ನೀವು ಎಣ್ಣಿ ನೋಡಾಕ ಬಂದೀರಲ್ರಿ ಅಣ್ಣಾರ’ ಎಂದು ನಗುತ್ತಲೇ ಓದಿದಳು. ಸಾದಾ ಎಣ್ಣೆಯ ಕಣಗಳು ದೊಡ್ಡವು ಸಣ್ಣವು ಕಲೆತಿರುತ್ತವಂತೆ, ಸಿಂಥೆಟಿಕ್‌ನಲ್ಲಿ ಹೆಚ್ಚುಕಡಿಮೆ ಒಂದೇ ಅಳತೆಯವು. ಒಂದೇ ಅಳತೆಯ ಗುಂಡು ಹಾಕಿದ ಬೇರಿಂಗಿನ ಹಾಗೆ ಎಂದು ನಾನು ತಿಳಿದುಕೊಂಡೆ. ಸಿಂಥೆಟಿಕ್‌ನಲ್ಲೂ ಜಾತಿಗಳಿವೆ, ಎಸ್ಟರ್ ಎಂಬುದೊಂದು ಇದೆ, ಅದು ರೇಸಿನವರು ಬಳಸುವಂಥದ್ದು ಎಂದೂ ಓದಿದಳು. ಅದು ನನಗೆ ಬೇಡ ಎಂದು ಕೇಳಿಸಿಕೊಂಡು ಬಿಟ್ಟೆ.

ಮಹಾನವಮಿ ಮುಗಿದ ಮೇಲೆ ಗಾಡಿಯನ್ನು ರಾಣೇಬೆನ್ನೂರಿಗೆ ತಂದು, ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಸಾದಾ ಎಣ್ಣೆ ಇಳಿಸಿ 5W-40 ತುಂಬಿದೆ. ಹೊಸ ಫಿಲ್ಟರ್ ಹಾಕಿದೆ. ಕೀ ತಿರುಗಿಸಿದ ಕೂಡಲೇ ಎಣ್ಣೆಯ ಕೆಂಪು ದೀಪ ಆರಿತು. ಮೋಟೆಬೆನ್ನೂರು ಕ್ರಾಸಿನ ತನಕ ಅದರ ಸಪ್ಪಳ ಕೇಳುತ್ತಾ ಹೋದೆ. ಒಂದು ನಮೂನೆ ಹೊಲಿಗೆ ಮಷಿನ್ನಿನ ಸಪ್ಪಳ. ಆರಿಸಿದ್ದು ಸರಿಯಾಯಿತು ಎಂದುಕೊಂಡೆ.

ದೀಪಾವಳಿ ಅಮಾವಾಸ್ಯೆ ಕಳೆದ ಮೇಲಿನ ಭಾನುವಾರ ಶೆಡ್ಡಿನಲ್ಲಿ ಚಾಲೂ ಮಾಡಿದರೆ ಎಂಜಿನ್ನಿನ ತಲೆಯ ಕಡೆಯಿಂದ ಟಕ್ ಟಕ್ ಸಪ್ಪಳ ಬಂತು. ಕೆಂಪು ದೀಪ ಆರುವುದು ತಡವಾಯಿತು. ಕಾದ ಮೇಲೆ ಎಲ್ಲ ಸರಿ. ಗೇಜಿನ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕಡಿಮೆಯಾಗಿರಬಹುದು ಎಂದುಕೊಂಡಿದ್ದರೆ, ಗುರುತಿಗಿಂತ ಮೇಲೆ ನಿಂತಿತ್ತು. ಎಂಜಿನ್ ಎಣ್ಣೆ ಕುಡಿಯುವುದನ್ನು ನೋಡಿದ್ದೇನೆ, ಎಣ್ಣೆ ಹಡೆಯುವುದನ್ನು ನೋಡಿರಲಿಲ್ಲ. ಪೆಟ್ರೋಲ್ ಸೋರಿ ಎಣ್ಣೆಗೆ ಬೀಳುತ್ತಿರಬೇಕು ಎಂದು ಕಡ್ಡಿಯನ್ನು ಮೂಗಿಗೆ ಹಿಡಿದೆ. ಶೆಡ್ಡಿನ ಅರ್ಧ ಭಾಗ ಮೆಣಸಿನಕಾಯಿ ಚೀಲ. ಸೀನು ಬಂತೇ ಹೊರತು ಬೇರೆ ಯಾವ ವಾಸನೆಯೂ ಹತ್ತಲಿಲ್ಲ. ಬ್ಯಾಡಗಿಯಲ್ಲಿ ಹುಟ್ಟಿದವರು ಘಾಟಿಗೆ ಒಗ್ಗಿಕೊಂಡಿರುತ್ತೇವೆ, ಆದರೆ ಅದರೊಳಗೆ ಇನ್ನೊಂದು ವಾಸನೆ ಹುಡುಕುವುದು ನಮ್ಮಿಂದಲೂ ಆಗುವುದಿಲ್ಲ.

ಸಾಹುಕಾರರು ಕೇಳಿ ತಲೆ ಆಡಿಸಿದರು. ‘ನೀರು ಅಂತ ಮೊದಲ ಹೇಳಿದ್ನಿಲ್ಲೋ? ಸ್ವಲ್ಪ ಗಟ್ಟೀದು ಹಾಕು.’ 10W-50 ಕೊಟ್ಟರು. ಅದೂ ಸಿಂಥೆಟಿಕ್ಕೇ. ಮತ್ತೆ ಗ್ಯಾರೇಜಿಗೆ ತಂದು ಬದಲಿಸಿದೆ. ಇಳಿಸಿದ ಎಣ್ಣೆಯನ್ನು ಎಂದಿನಂತೆ ಸುಟ್ಟೆಣ್ಣೆಯ ಪೀಪಾಯಿಗೆ ಸುರಿದೆ. ಅಲ್ಲಿ ತಡೆದು ನೋಡಿದ್ದರೆ ಅಂದೇ ತಿಳಿಯುತ್ತಿತ್ತು.

ಹೊಸ ಎಣ್ಣೆಯಲ್ಲಿ ಸಪ್ಪಳ ನಿಂತಿತು. ಛಟ್ಟಿ ಅಮಾವಾಸ್ಯೆ ಕಳೆದ ಮೇಲೆ ಮತ್ತೆ ಬಂತು. ಈ ಸಲ ಥಂಡಿ ಹೆಚ್ಚು, ಸಪ್ಪಳವೂ ಹೆಚ್ಚು. ಎಂಜಿನ್ ಕಾದ ಮೇಲೂ ದೀಪ ಮಿಣುಕುತ್ತಿತ್ತು. ಅಂದರೆ ಎಣ್ಣೆ ಹೀರುವ ಜಾಳಿಗೆ ಕಟ್ಟಿಕೊಳ್ಳುತ್ತಿದೆ.

‘ಬಿಚ್ಚಿ ನೋಡು ಮೇಸ್ತ್ರಿ. ಬ್ಯಾರೇದವರ ಎಂಜಿನ್ ಆಗಿದ್ದರ ನೀ ಇಷ್ಟೊತ್ತಿಗೆ ಬಿಚ್ಚಿ ಹರವತಿದ್ದಿ’ ಎಂದರು ಸಾಹುಕಾರರು.

‘ಬ್ಯಾರೇದವರದಲ್ಲಲ್ರಿ.’

ಅವರು ಚಹಾ ಹೇಳಿದರು.

ಗಾಡಿಯನ್ನು ಗ್ಯಾರೇಜಿಗೆ ತಂದು ಮತ್ತೆ 10W-50 ತುಂಬಿ ಶೆಡ್ಡಿಗೆ ಒಯ್ದು ನಿಲ್ಲಿಸಿದೆ. ಈ ಸಲ ಇಳಿಸಿದ ಎಣ್ಣೆಯನ್ನು ಪೀಪಾಯಿಗೆ ಸುರಿಯದೆ ಒಂದು ಬಿಳಿ ಕ್ಯಾನಿಗೆ ತುಂಬಿ ಗ್ಯಾರೇಜಿನ ಮೂಲೆಯಲ್ಲಿ ಇಟ್ಟೆ. ಹುಬ್ಬಳ್ಳಿಗೆ ಕಳಿಸಿ ನಕಲಿ ಎಣ್ಣೆಯೋ ಏನೋ ಎಂದು ಕೇಳುವ ವಿಚಾರವಿತ್ತು. ಕುಪ್ಪೇಲೂರಿನ ಟ್ರ್ಯಾಕ್ಟರ್ ಒಂದು ಬಂದು, ಅದರ ಪಂಪಿನ ಕೆಲಸದಲ್ಲಿ ಕ್ಯಾನು ಮರೆತೇಹೋಯಿತು. ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ, ಹತ್ತಿರ ಬಂದ ಒಂದು ಥಂಡಿ ಬೆಳಿಗ್ಗೆ ಬಾಗಿಲು ತೆಗೆದಾಗ ಬಿಸಿಲು ನೇರ ಅದರ ಮೇಲೆ ಬಿದ್ದಿತ್ತು. ಕ್ಯಾನಿನೊಳಗೆ ಎರಡು ಪದರ ಕಂಡವು. ಮೇಲೆ ಕಪ್ಪು ಎಣ್ಣೆ. ತಳದಲ್ಲಿ ಎರಡು ಬೆರಳಿನಷ್ಟು ಮಬ್ಬು ಹಳದಿ, ಜೇನಿನಂತೆ ಗಟ್ಟಿ. ನೀರಲ್ಲ. ಕಡ್ಡಿ ಅದ್ದಿ ತೆಗೆದು ಬೆರಳಿಗೆ ತಿಕ್ಕಿದೆ, ದಾರದಂತೆ ಎಳೆಯಿತು. ಮೂಗಿಗೆ ಹಿಡಿದೆ. ರಾಣೇಬೆನ್ನೂರಿನಲ್ಲಿ ಮೆಣಸಿನಕಾಯಿ ಘಾಟು ಇರಲಿಲ್ಲ.

ಔಡಲ ಎಣ್ಣೆ. ಹರಳೆಣ್ಣೆ ಎಂದು ಬೇರೆ ಕಡೆ ಅನ್ನುತ್ತಾರೆ. ಸಣ್ಣವರಿದ್ದಾಗ ತಲೆಗೆ ನೀರು ಎರೆಯುವ ದಿನ ಅವ್ವ ನಮ್ಮಿಬ್ಬರ ನೆತ್ತಿಗೆ ಒತ್ತುತ್ತಿದ್ದ ಎಣ್ಣೆ. ಹೊಲದ ಬದುವಿನ ಔಡಲ ಬೀಜ ಹುರಿದು, ಕುಟ್ಟಿ, ಅವ್ವನೇ ಕಾಯಿಸುವುದು. ಅಂಗಡಿಯ ಎಣ್ಣೆಗೆ ಆ ಹುರಿದ ವಾಸನೆ ಇರುವುದಿಲ್ಲ. ಕಡ್ಡಿ ಹಿಡಿದುಕೊಂಡೇ ಹೊಸ್ತಿಲಲ್ಲಿ ಕುಳಿತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಮಹಾನವಮಿಗೆ ಮತ್ತು ಪ್ರತಿ ಅಮಾವಾಸ್ಯೆಗೆ ಮನೆಯ ಹಿರಿಯ ಹೆಣ್ಣುಮಗಳು ಬಂಡಿಯ ಕೀಲಿಗೆ ತನ್ನ ಕೈಯಿಂದ ಔಡಲ ಎಣ್ಣೆ ಬಿಡಬೇಕು. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೂ ಅವ್ವ ಬಿಟ್ಟಿರಲಿಲ್ಲ. ಅಣ್ಣ ಇದ್ದಾಗ ಅವಳ ಕೈಯಿಂದ ಗಾಲಿಯ ನಡುವಿಗೆ ಒಂದು ಹನಿ ಮುಟ್ಟಿಸಿ ಮುಗಿಸುತ್ತಿದ್ದ. ಅಮಾವಾಸ್ಯೆ ದಿನ ಲಾರಿಯವರ ಪೂಜೆ ಇರುವುದರಿಂದ ನಾನು ಗ್ಯಾರೇಜು ಬಿಟ್ಟು ಬರುವಂತಿರಲಿಲ್ಲ. ನಾನು ಇಲ್ಲದ ದಿನಗಳೇ ಅವು.

ಎಳ್ಳಮಾಸಿಯ ದಿನ ಗ್ಯಾರೇಜಿಗೆ ಹೋಗಲಿಲ್ಲ. ಶೆಡ್ಡಿನ ಹೊರಗೆ ಕಟ್ಟೆಯ ಮೇಲೆ ಕುಳಿತೆ. ಅವ್ವ ಹಿತ್ತಾಳೆ ಗಿಂಡಿ ಹಿಡಿದು ಬಂದಳು. ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದ್ದು ನೋಡಿದರೆ ಅವಳಿಗೆ ರೂಢಿಯಾಗಿದೆ ಎಂದು ಗೊತ್ತಾಗುತ್ತಿತ್ತು. ಎಂಜಿನ್ನಿನ ಮೇಲಿನ ಮುಚ್ಚಳ ತಿರುವಿದಳು.

‘ಏನ ಮಾಡಾಕತ್ತೀ ಬೇ?’

‘ಕಾಣಾಂಗಿಲ್ಲೇನ? ಗಾಡಿಗೆ ಎಣ್ಣಿ ಬಿಡಾಕತ್ತೇನಿ. ನಿನಗಂತೂ ಲಾರಿ ಪೂಜೀನ ಆತು.’

‘ಗಾಲಿಗೆ ಬಿಡೂದಲ್ಲೇನ?’

‘ಗಾಲಿಗೆ ಬಿಡೂದು ಬಂಡಿಗೆ. ಇದಕ್ಕ ನಿಮ್ಮಣ್ಣ ಇಲ್ಲೇ ಹಾಕತಿದ್ದ, ನಾ ಕಟ್ಟೀ ಮ್ಯಾಲೆ ಕುಂತು ನೋಡೇನಿ. ಅಂವಾ ಹೋದ ಮ್ಯಾಲ ಇದಕ್ಕ ಯಾರು ಹಾಕ್ಯಾರ ಹೇಳು?’

‘ನಾ ಹಾಕೇನಿ ಬೇ. ಗ್ಯಾರೇಜಿನಾಗ.’

‘ನಾ ಕಂಡಿಲ್ಲ.’

ಎದ್ದು ಹೋಗಿ ಗಿಂಡಿಯ ಮೇಲೆ ಕೈಯಿಟ್ಟೆ. ಅವಳು ನನ್ನ ಮುಖ ನೋಡಿದಳು. ಮಕ್ಕಳ ಮುಖ ಓದಲು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ.

‘ಯಾಕ? ತಪ್ಪಾತೇನ?’

‘ಎಣ್ಣಿ ಛಲೋ ಐತಿ ಬೇ. ಇದಕ್ಕ ಒಗ್ಗಾಂಗಿಲ್ಲ, ಅಷ್ಟ.’

ಅವಳು ಗಿಂಡಿಯನ್ನು ಚೀಲದ ಮೇಲೆ ಇಟ್ಟು ಸೆರಗಿನಿಂದ ಕೈ ಒರೆಸಿಕೊಂಡಳು. ‘ಅಂವನ ಗಾಡಿ ನಾನ ಕೆಡಿಸಿದ್ನೇನೋ ಹಂಗಾರ?’

‘ಇನ್ನೂ ಕೆಟ್ಟಿಲ್ಲ.’

ಅದು ನನಗೆ ಗೊತ್ತಿಲ್ಲದ ಮಾತು. ಅಂದು ಅವ್ವ ಹೋಳಿಗೆ ಮುಟ್ಟಲಿಲ್ಲ.

ಮರುದಿನ ಹಾವೇರಿಗೆ ಹೋಗಿ ಸೈಬರ್ ಕೆಫೆಯ ಹೆಣ್ಣುಮಗಳಿಗೆ ಒಂದೇ ಪ್ರಶ್ನೆ ಕೊಟ್ಟೆ. ಔಡಲ ಎಣ್ಣೆ ಎಂಜಿನ್ ಎಣ್ಣೆಯ ಜೊತೆ ಕೂಡುತ್ತದೆಯೇ? ಅವಳು ಓದಿ ಹೇಳಿದ್ದು ನನಗೆ ಹೊಸದು. ಹಿಂದಿನ ಕಾಲದಲ್ಲಿ ರೇಸಿನ ಎಂಜಿನ್ನುಗಳಿಗೆ ಔಡಲ ಎಣ್ಣೆಯನ್ನೇ ಹಾಕುತ್ತಿದ್ದರಂತೆ. ಜಾರಿಕೆಯಲ್ಲಿ ಅದು ಯಾವುದಕ್ಕೂ ಕಡಿಮೆಯಿಲ್ಲ. ಆದರೆ ಸಾದಾ ಎಣ್ಣೆಯ ಜೊತೆ ಅದು ಕೂಡುವುದಿಲ್ಲ, ನಾನು ಹಾಕಿದಂಥ ಸಿಂಥೆಟಿಕ್ ಜೊತೆಗೂ ಸರಿಯಾಗಿ ಕೂಡುವುದಿಲ್ಲ. ತಣ್ಣಗಾದಾಗ ತಳಕ್ಕೆ ಇಳಿಯುತ್ತದೆ, ಕಾದು ಕಾದು ಅಂಟಾಗುತ್ತದೆ. ಹಾಗಾದರೆ ಪ್ರತಿ ಬೆಳಿಗ್ಗೆ ಪಂಪು ಮೊದಲು ಎಳೆಯುತ್ತಿದ್ದುದು ತಳದಲ್ಲಿ ಕುಳಿತ ಆ ಜೇನಿನಂಥ ಪದರವನ್ನೇ. ಟಕ್ ಟಕ್ ಸಪ್ಪಳ ಅಲ್ಲಿಂದ ಬಂದದ್ದು.

‘ಯಾವುದರ ಜೋಡಿ ಕೂಡತೈತಿ ಅಂತ ಬರದಾರೇನು ನೋಡವಾ.’

‘ಎಸ್ಟರ್ ಜೋಡಿ ಅಂತ್ರಿ. ಔಡಲ ಎಣ್ಣೀನೂ ಎಸ್ಟರ್ ಜಾತೀದ ಐತಂತ.’ ಅವಳು ತಿರುಗಿ ನೋಡಿ ನಕ್ಕಳು. ‘ಬೀಗರು ಸಿಕ್ಕಂಗಾತು ನೋಡ್ರಿ.’

ಹಿಂದೆ ಬೇಡ ಎಂದು ಬಿಟ್ಟ ಎಣ್ಣೆ ಅದು. ಒಳಗಿನ ಸಣ್ಣ ದಾರಿಗಳಲ್ಲಿ ಉಳಿದ ಅಂಟನ್ನು ಅದು ಮೆಲ್ಲಗೆ ಕರಗಿಸಿಕೊಂಡು ಬರಬಹುದು. ಆದರೆ ಕಟ್ಟಿಕೊಂಡ ಜಾಳಿಗೆಯನ್ನು ಅದು ಕರಗಿಸುವ ತನಕ ಎಂಜಿನ್ ಕಾಯುವುದಿಲ್ಲ. ಅಷ್ಟರಲ್ಲಿ ಬೇರಿಂಗ್ ಹೋಗಬಹುದು. ಬರುವ ಬಸ್ಸಿನಲ್ಲಿ ಇದನ್ನೇ ತಿರುವಿ ಹಾಕಿದೆ. ಬಿಚ್ಚದಿದ್ದರೆ ಅಣ್ಣನ ಕೈಕೆಲಸ ಹಾಗೇ ಉಳಿಯುತ್ತದೆ, ಹಾಳಾಗಿದೆಯೋ ಇಲ್ಲವೋ ಎಂದು ತಿಳಿಯದೆ. ಅವ್ವನ ಪ್ರಶ್ನೆಯೂ ಹಾಗೇ ಉಳಿಯುತ್ತದೆ. ಬ್ಯಾಡಗಿ ಬರುವಷ್ಟರಲ್ಲಿ ಬಿಚ್ಚುವುದೆಂದು ನಿಶ್ಚಯ ಮಾಡಿದೆ.

ಗಾಡಿ ಚಾಲೂ ಮಾಡುವಂತಿರಲಿಲ್ಲ. ಹಾಗಾಗಿ ಗ್ಯಾರೇಜಿನಿಂದ ಸಾಮಾನು ತಂದು ಶೆಡ್ಡಿನಲ್ಲೇ ಜಾಕ್ ಏರಿಸಿ ಮಧ್ಯಾಹ್ನ ಕೆಳಗೆ ಮಲಗಿದೆ. ವೈನಿ ಬ್ಯಾಟರಿ ದೀಪ ಹಿಡಿದು ಪಕ್ಕದಲ್ಲಿ ಕುಳಿತರು. ಎಣ್ಣೆ ಇಳಿಸಿದ ಮೇಲೆ ಕೆಳಗಿನ ಎಣ್ಣೆ ತಟ್ಟೆಯ ಬೋಲ್ಟುಗಳು ಒಂದೊಂದಾಗಿ ಬಂದವು. ಎಲ್ಲ ಒಂದೇ ಬಿಗಿ. ತಟ್ಟೆಯನ್ನು ಕೆಳಗೆ ಇಳಿಸಿದಾಗ ಅದರ ಅಂಚಿಗೆ ಸೋರದಂತೆ ಹಚ್ಚಿದ ಬೂದುಬಣ್ಣದ ಪೇಸ್ಟ್ ರಬ್ಬರಿನಂತೆ ಗಟ್ಟಿಯಾಗಿತ್ತು. ಮೂಲೆಯಲ್ಲಿ ಒಂದು ಕಡೆ ಹೆಬ್ಬೆರಳಿನಿಂದ ಒತ್ತಿದ ಗುರುತು. ಗೆರೆಗಳೆಲ್ಲ ಸ್ಪಷ್ಟ. ನಡುವೆ ಅಡ್ಡ ಒಂದು ಗೀರು. ಪಿಸ್ಟನ್ ರಿಂಗ್ ತಾಗಿ ಅಣ್ಣನಿಗೆ ಆದ ಹಳೆಯ ಗಾಯದ್ದು.

ವೈನಿ ದೀಪವನ್ನು ಹತ್ತಿರ ತಂದರು. ತಮ್ಮ ಹೆಬ್ಬೆರಳನ್ನು ಅದರ ಮೇಲೆ ಇಟ್ಟರು. ಸುತ್ತಲೂ ಜಾಗ ಉಳಿಯಿತು.

ಹೊಸ ಪೇಸ್ಟ್ ಹಚ್ಚಬೇಕಾದರೆ ಹಳೆಯದು ಪೂರ್ತಿ ಹೋಗಬೇಕು, ಇಲ್ಲದಿದ್ದರೆ ಸೋರುತ್ತದೆ. ಅದನ್ನು ಕಲಿಸಿದವನೇ ಅವನು. ನಾನು ಚಪ್ಪಟೆ ಬ್ಲೇಡನ್ನು ಗುರುತಿನ ಹತ್ತಿರ ತಂದು ಹಿಂದೆ ತೆಗೆದೆ. ವೈನಿಯೇ ಹೇಳಿದರು, ‘ಕೆರಿ. ಅರ್ಧಂಬರ್ಧ ಬಿಟ್ಟರ ಅವರು ನಿನ್ನ ಬೈತಿದ್ರು.’

ಕೆರೆದೆ.

ಜಾಳಿಗೆ ಮುಕ್ಕಾಲು ಪಾಲು ಅಂಟಿನಿಂದ ಮುಚ್ಚಿತ್ತು. ಸೀಮೆಎಣ್ಣೆಗೆ ಬಗ್ಗದೆ ಥಿನ್ನರಿನಲ್ಲಿ ನೆನೆಸಿ ಬ್ರಷ್ಷಿನಿಂದ ತಿಕ್ಕಿದ ಮೇಲೆ ಬಿಳಿಯಾಯಿತು. ಉಳಿದದ್ದು ಬೇರಿಂಗ್. ಕ್ರ್ಯಾಂಕಿನ ಒಂದು ಮುಚ್ಚಳದ ಎರಡು ನಟ್ಟು ಸಡಿಲಿಸಿದೆ. ಅಣ್ಣ ಬಿಗಿದ ನಟ್ಟು ಅವು, ಕಿರ್ ಎಂದು ಒಂದು ಸಲ ಸಪ್ಪಳ ಮಾಡಿ ಬಿಟ್ಟವು. ಬೇರಿಂಗ್ ಪಟ್ಟಿ ತೆಗೆದು ಒರೆಸಿ ಬಿಸಿಲಿಗೆ ಹಿಡಿದೆ. ಗೀರು ಇಲ್ಲ. ಕಂದಿಲ್ಲ. ಮಬ್ಬು ಬೆಳ್ಳಿಯ ಬಣ್ಣ, ಇರಬೇಕಾದ ಹಾಗೆ. ಪಂಪಿನಿಂದ ಎಲ್ಲಕ್ಕಿಂತ ದೂರದ್ದು ಅದೇ, ಎಣ್ಣೆ ಕೊನೆಗೆ ಮುಟ್ಟುವುದು ಅಲ್ಲಿಗೆ. ಅದು ಉಳಿದಿದ್ದರೆ ಬೇರೆಯವೂ ಉಳಿದಿವೆ ಎಂದು ಉಳಿದ ಮುಚ್ಚಳಗಳನ್ನು ಮುಟ್ಟಲಿಲ್ಲ. ಎಣ್ಣೆ ಹಚ್ಚಿ ಕೂರಿಸಿ, ಬಿಗಿ ಅಳೆದು ಹೇಳುವ ಅಣ್ಣನ ಟಾರ್ಕ್ ಪಾನಾದಲ್ಲಿ ಬಿಗಿದೆ. ಪಾನಾ ‘ಕಟ್’ ಎಂದು ಹೇಳಿದ ಮೇಲೆ ಇನ್ನೊಂದು ಸಲ ಎಳೆಯಬಾರದು. ಲಾರಿಯವರಾದ ನಮಗೆ ಅದು ಕಷ್ಟದ ಸಂಯಮ. ಆಮೇಲೆ ಅಂಚಿಗೆ ಹೊಸ ಪೇಸ್ಟ್ ಹಚ್ಚಿ, ಮೂಲೆಯಲ್ಲಿ ಹೆಬ್ಬೆರಳಿನಿಂದ ಒತ್ತಿ, ತಟ್ಟೆ ಮುಚ್ಚಿದೆ.

ಎಸ್ಟರ್ ಎಣ್ಣೆಯನ್ನು ಸಾಹುಕಾರರು ಹುಬ್ಬಳ್ಳಿಯಿಂದ ಹೇಳಿ ತರಿಸಿಕೊಟ್ಟರು. ಯಾಕೆ ಅದೇ ಬೇಕೆಂದು ಕೇಳಿದಾಗ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಗುತ್ತಿದ್ದು, ಆಮೇಲೆ ಕಣ್ಣು ಒರೆಸಿಕೊಂಡು, ‘ಎಂಜಿನ್ ನೋಡಿ ಎಣ್ಣಿ ಆರಿಸವರನ್ನ ಕಂಡೇನಿ. ಅವ್ವನ್ನ ನೋಡಿ ಆರಿಸವ ನೀನ ಒಬ್ಬ’ ಎಂದರು. ಅದು ಪೂರ್ತಿ ಖರೆಯಲ್ಲ. ಉಳಿದ ಅಂಟು ಕರಗಬೇಕಿತ್ತು. ಪೂರ್ತಿ ಸುಳ್ಳೂ ಅಲ್ಲ.

ಎಣ್ಣೆ ತುಂಬಿ, ಚಾಲೂ ಮಾಡುವ ಕೆಲಸವನ್ನು ಮುಂದಿನ ಅಮಾವಾಸ್ಯೆಗೆ ಇಟ್ಟುಕೊಂಡೆ. ಅವ್ವನನ್ನು ಕರೆದು ಬೇರಿಂಗಿನ ಮಾತು ಮೊದಲೇ ಹೇಳಿದ್ದೆ. ನಂಬಿರಲಿಲ್ಲ. ಕಟ್ಟೆಯ ಮೇಲೆ ಕುಳಿತಳು. ಕೀ ತಿರುಗಿಸಿದೆ. ದೀಪ ಕೂಡಲೇ ಆರಿತು. ಟಕ್ ಟಕ್ ಇರಲಿಲ್ಲ. ಅವಳು ತಲೆ ಓರೆ ಮಾಡಿ ಕೇಳಿದಳು, ಎದ್ದು ಬಂದು ಬಾನೆಟ್ ಮೇಲೆ ಅಂಗೈ ಇಟ್ಟಳು, ಕಾವು ಹತ್ತುವತನಕ ತೆಗೆಯಲಿಲ್ಲ.

‘ಕೆಟ್ಟಿಲ್ಲ’ ಎಂದಳು.

‘ಕೆಟ್ಟಿಲ್ಲ ಬೇ.’

ಎಂಜಿನ್ ನಿಲ್ಲಿಸಿದೆ. ಅವಳು ಒಳಗೆ ಹೋಗಿ ಗಿಂಡಿ ತಂದಳು. ನಾನು ಬಾನೆಟ್ ಎತ್ತಿ ಅದರ ಕೀಲು ತೋರಿಸಿದೆ. ‘ಇಲ್ಲಿ ಬಿಡು ಬೇ. ಇದೂ ಕೀಲ. ಒಣಗೇತಿ.’

ಅವಳು ಕೀಲು ನೋಡಿದಳು, ಎಂಜಿನ್ನಿನ ಮುಚ್ಚಳ ನೋಡಿದಳು.

‘ಅಲ್ಲಿ ಹಾಕವರು ಯಾರು?’

‘ನಾನು. ಇನ್ನ ಮ್ಯಾಲ ನಿನ್ನ ಮುಂದ ಹಾಕತೇನಿ.’

‘ಹಂಗಾರ ಇದನ್ನೂ ನೀನ ಬಿಡು’ ಎಂದು ಗಿಂಡಿಯನ್ನು ನನ್ನ ಕೈಗೆ ಕೊಟ್ಟಳು.

ಎರಡೂ ಕೀಲಿಗೆ ಹನಿ ಬಿಟ್ಟು ಹೆಬ್ಬೆರಳಿನಿಂದ ಸವರಿದೆ. ಬಾನೆಟ್ ಇಳಿಸಿ ಒತ್ತಿ ಮುಚ್ಚಿದಾಗ ಕೆಂಪು ಬಣ್ಣದ ಮೇಲೆ ಎಣ್ಣೆಯ ಬೆರಳಿನ ಗುರುತು ಉಳಿಯಿತು. ವೈನಿ ಒರೆಸಲು ಅರಿವೆ ತಂದರು. ಔಡಲ ಎಣ್ಣೆಯಿಂದ ಬಣ್ಣಕ್ಕೆ ಏನೂ ಆಗುವುದಿಲ್ಲ, ಇರಲಿ ಎಂದೆ.